ಜಾವಾಸ್ಕ್ರಿಪ್ಟ್: ಆಬ್ಜೆಕ್ಟ್ ಎಲ್ಲ ಕಡೆ ತನ್ನ ಹೆಸರನ್ನೇ ಹೇಳುವ ಹಾಗೆ ಮಾಡಬಹುದಾ?

ಗಿರಿನಗರ_ಕೋಡರ್
ನಮ್ಮ ಮೆಟ್ರೋ ನಿಲ್ದಾಣಗಳನ್ನು ತೋರಿಸುವ ಚಿಕ್ಕ ಪುಟ ಮಾಡುತ್ತಿದ್ದೇನೆ. ಒಂದೊಂದು ನಿಲ್ದಾಣಕ್ಕೂ ಒಂದು ಆಬ್ಜೆಕ್ಟ್: ಹೆಸರು, ಮಾರ್ಗದ ಬಣ್ಣ, ಒಂದು ಕೋಡ್. ಅದನ್ನು ಪಠ್ಯದ ಮಧ್ಯೆ ಮೌಲ್ಯ ಸೇರಿಸುವ ಟೆಂಪ್ಲೇಟ್ ಲಿಟರಲ್‌ನಲ್ಲಿ ಹಾಕಿದರೆ ‘ಆಬ್ಜೆಕ್ಟ್ ಆಬ್ಜೆಕ್ಟ್’ ಅಂತ ಬರುತ್ತಿತ್ತು. ಕ್ಲಾಸ್‌ಗೆ ಟೂಸ್ಟ್ರಿಂಗ್ (ಆಬ್ಜೆಕ್ಟನ್ನು ಪಠ್ಯವಾಗಿಸುವ ಮೆಥಡ್) ಬರೆದ ಮೇಲೆ ಪುಟದಲ್ಲಿ ‘ಜಯನಗರ’ ಅಂತ ಸರಿಯಾಗಿ ಬಂತು. ಆದರೆ ಕನ್ಸೋಲ್‌ನಲ್ಲಿ ಇನ್ನೂ ಇಡೀ ಆಬ್ಜೆಕ್ಟೇ ಕಾಣುತ್ತದೆ, ಸರ್ವರ್‌ಗೆ ಹೋಗುವ, ಡೇಟಾವನ್ನು ಪಠ್ಯವಾಗಿ ಕಳಿಸುವ ರೂಪವಾದ ಜೇಸನ್‌ನಲ್ಲೂ ಎಲ್ಲ ಫೀಲ್ಡ್‌ಗಳು ಹೋಗುತ್ತವೆ. ಒಂದು ಕಡೆ ಬರೆದರೆ ಎಲ್ಲ ಕಡೆ ಅದೇ ಬರಬೇಕು, ಆಗಲ್ವಾ?

ಮಲ್ಲೇಶ್ವರ_ಜಾಲಿಗ
ಆಗಲ್ಲ, ಆಗದೇ ಇರುವುದೇ ಒಳ್ಳೆಯದು. ಮೂರು ಕಡೆ ಓದುವವರು ಬೇರೆ ಬೇರೆ. ಕೆಂಪೇಗೌಡ ನಿಲ್ದಾಣವನ್ನೇ ತಗೊಳ್ಳಿ. ಪ್ರಯಾಣಿಕರಿಗೆ ‘ಮೆಜೆಸ್ಟಿಕ್’ ಅಂದರೆ ಸಾಕು. ಸರ್ವರ್‌ಗೆ ಬೇಕಿರುವುದು ಕೋಡ್ ಮಾತ್ರ. ಕನ್ಸೋಲ್ ನೋಡುವ ನಿಮಗೆ, ಅಲ್ಲಿ ನೇರಳೆ ಮತ್ತು ಹಸಿರು ಎರಡೂ ಮಾರ್ಗ ಸೇರಿವೆಯಾ ಅನ್ನುವುದೂ ಕಾಣಬೇಕು, ಇಲ್ಲದಿದ್ದರೆ ದೋಷ ಹುಡುಕುವುದು ಹೇಗೆ?

ಅದಕ್ಕೇ ಭಾಷೆಯಲ್ಲೂ ಬೇರೆ ಬೇರೆ ಬಾಗಿಲುಗಳಿವೆ. ಆಬ್ಜೆಕ್ಟನ್ನು ಜೇಸನ್ ಮಾಡಿಕೊಡುವ ಜೇಸನ್ ಸ್ಟ್ರಿಂಗಿಫೈ ನಿಮ್ಮ ಟೂಸ್ಟ್ರಿಂಗ್ ಕಡೆ ತಿರುಗಿಯೂ ನೋಡುವುದಿಲ್ಲ, ಅದು ಹುಡುಕುವುದು ಟೂಜೇಸನ್ ಅನ್ನುವ ಮೆಥಡ್ ಅನ್ನು. ಅದರಿಂದ ಕೋಡ್ ವಾಪಸ್ ಕೊಡಿ. ಕನ್ಸೋಲ್ ಕೂಡ ಟೂಸ್ಟ್ರಿಂಗ್ ಕೇಳುವುದಿಲ್ಲ. ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಾದರೆ ಯುಟಿಲ್ ಇನ್‌ಸ್ಪೆಕ್ಟ್‌ನ ಕಸ್ಟಮ್ ಸಿಂಬಲ್ ಹೆಸರಲ್ಲಿ ಮೆಥಡ್ ಬರೆದು ಬದಲಾಯಿಸಬಹುದು. ಬ್ರೌಸರ್‌ನಲ್ಲಿ ಹೆಸರಷ್ಟೇ ಬೇಕಾದಾಗ ಸ್ಟ್ರಿಂಗ್ ಫಂಕ್ಷನ್‌ಗೆ ಕೊಟ್ಟು ಲಾಗ್ ಮಾಡಿ. ಸಿಂಬಲ್ ಟೂಸ್ಟ್ರಿಂಗ್‌ಟ್ಯಾಗ್ ಅಂತಲೂ ಒಂದಿದೆ, ಅದು ಆ ‘ಆಬ್ಜೆಕ್ಟ್ ಆಬ್ಜೆಕ್ಟ್’ನ ಎರಡನೇ ಪದವನ್ನು ಮಾತ್ರ ಬದಲಿಸುತ್ತದೆ, ನಿಮಗೆ ಬೇಕಾಗಿಲ್ಲ.

ಬನಶಂಕರಿ_ಬಿಟ್ಸ್
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಟಿಕೆಟ್ ದರಕ್ಕೂ ಆಬ್ಜೆಕ್ಟ್ ಮಾಡುವ ಯೋಚನೆ ಇದ್ದರೆ ಪ್ಲಸ್ ಚಿಹ್ನೆ ಬಗ್ಗೆ ಹುಷಾರಾಗಿರಿ. ಟೆಂಪ್ಲೇಟ್ ಲಿಟರಲ್ ಮೊದಲು ಟೂಸ್ಟ್ರಿಂಗ್ ಕರೆಯುತ್ತದೆ, ಪ್ಲಸ್ ಮೊದಲು ಮೂಲ ಮೌಲ್ಯ ಕೊಡುವ ವ್ಯಾಲ್ಯೂಆಫ್ ಕರೆಯುತ್ತದೆ. ಹಾಗಾಗಿ ದರಕ್ಕೆ ಎರಡೂ ಬರೆದಿದ್ದರೆ, ಒಂದೇ ಆಬ್ಜೆಕ್ಟ್ ಒಂದು ಸಾಲಿನಲ್ಲಿ ‘₹30’ ಅಂತ, ಪಕ್ಕದ ಸಾಲಿನಲ್ಲಿ ಪ್ಲಸ್ ಹಾಕಿ ಸೇರಿಸಿದ ಕಡೆ ಬರೀ ‘30’ ಅಂತ ಬರುತ್ತದೆ, ಆ ರೂಪಾಯಿ ಚಿಹ್ನೆ ಎಲ್ಲಿ ಹೋಯಿತು ಅಂತ ಹುಡುಕಿದರೆ ಬೇಗ ಸಿಗುವುದಿಲ್ಲ. ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿಯಲ್ಲಿ ಬಂದ ಸಿಂಬಲ್ ಟೂಪ್ರಿಮಿಟಿವ್ ಬಳಸಿ. ಅದಕ್ಕೆ ‘ಸ್ಟ್ರಿಂಗ್’, ‘ನಂಬರ್’, ‘ಡಿಫಾಲ್ಟ್’ ಅಂತ ಸುಳಿವು ಬರುತ್ತದೆ, ಪ್ಲಸ್‌ಗೆ ಬರುವುದು ‘ಡಿಫಾಲ್ಟ್’. ಏನು ಕೊಡಬೇಕು ಅಂತ ಅಲ್ಲೇ ನಿರ್ಧರಿಸಿ.

ಇನ್ನೊಂದು. ಟೂಸ್ಟ್ರಿಂಗ್ ಒಳಗೆ ಎಚ್‌ಟಿಎಂಎಲ್ ಟ್ಯಾಗ್ ಸೇರಿಸಬೇಡಿ. ಬರೀ ಪಠ್ಯ ಕೊಡಿ, ಪುಟಕ್ಕೆ ಟೆಕ್ಸ್ಟ್‌ಕಂಟೆಂಟ್ ಮೂಲಕ ಹಾಕಿ. ಇನ್ನರ್‌ಎಚ್‌ಟಿಎಂಎಲ್ ಮೂಲಕ ಹಾಕಿದರೆ, ಹೊರಗಿನಿಂದ ಬಂದ ಹೆಸರಿನಲ್ಲಿ ಯಾರಾದರೂ ಸ್ಕ್ರಿಪ್ಟ್ ತೂರಿಸಿದರೂ ಅದು ನಿಮ್ಮ ಪುಟದಲ್ಲಿ ಓಡಬಹುದು. ಅಂಕಿಗಳು ಕನ್ನಡದಲ್ಲೇ ಬೇಕಿದ್ದರೆ ಇಂಟಲ್ ನಂಬರ್‌ಫಾರ್ಮ್ಯಾಟ್‌ನಲ್ಲಿ ಅಂಕಿ ಪದ್ಧತಿಯನ್ನು ಪ್ರತ್ಯೇಕವಾಗಿ ಆರಿಸಬೇಕು, ಸುಮ್ನೆ ಭಾಷೆ ಕನ್ನಡ ಅಂತ ಕೊಟ್ಟರೆ 1, 2, 3 ಅಂತಲೇ ಬರುತ್ತವೆ.

ಗಿರಿನಗರ_ಕೋಡರ್
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಟೂಜೇಸನ್ ಕೆಲಸ ಮಾಡಿತು, ಕೋಡ್ ಮಾತ್ರ ಹೋಗುತ್ತಿದೆ. ವಾಪಸ್ ಓದುವಾಗ ಅದು ತಾನಾಗೇ ನಿಲ್ದಾಣದ ಆಬ್ಜೆಕ್ಟ್ ಆಗುತ್ತದಾ?

ಮಲ್ಲೇಶ್ವರ_ಜಾಲಿಗ
ಇಲ್ಲ, ಬರೀ ಸ್ಟ್ರಿಂಗ್ ಸಿಗುತ್ತದೆ. ನಿಲ್ದಾಣಗಳನ್ನೆಲ್ಲ ಕೋಡ್ ಪ್ರಕಾರ ಒಂದು ಮ್ಯಾಪ್ (ಕೀ ಕೊಟ್ಟರೆ ಅದರ ಮೌಲ್ಯ ಕೊಡುವ ಸಂಗ್ರಹ)‌ನಲ್ಲಿ ಇಟ್ಟುಕೊಂಡು ಅಲ್ಲಿಂದ ತೆಗೆಯಿರಿ. ಜೇಸನ್ ವಾಪಸ್ ಓದುವ ಜೇಸನ್ ಪಾರ್ಸ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಒಂದು ಫಂಕ್ಷನ್ ಕೊಟ್ಟು ಅಲ್ಲೇ ಮಾಡಬಹುದು, ಆದರೆ ಅದು ಪ್ರತಿಯೊಂದು ಕೀಗೂ ಓಡುತ್ತದೆ, ಹಾಗಾಗಿ ಯಾವ ಫೀಲ್ಡ್ ಅಂತ ಕೀ ನೋಡಿಯೇ ಬದಲಿಸಿ.