ಬಲ್ಗೇರಿಯಾದಲ್ಲಿ ತಲೆ ಅಡ್ಡಡ್ಡ ಆಡಿಸಿದ್ರೆ ‘ಹೌದು’ ಅಂತಾನಾ?

ಪ್ರಶ್ನೆ: ಬಲ್ಗೇರಿಯಾದಲ್ಲಿ ‘ಹೌದು’ ಅನ್ನೋಕೆ ತಲೆ ಅಡ್ಡಡ್ಡ, ‘ಇಲ್ಲ’ ಅನ್ನೋಕೆ ಮೇಲೆ ಕೆಳಗೆ ಅಂತಾರೆ. ಗ್ರೀಸ್, ಟರ್ಕಿಯಲ್ಲೂ ಹಾಗೇನಾ? ಮೂರೂ ದೇಶ ಸುತ್ತೋರು ತಮ್ಮ ತಲೆಯಾಟವನ್ನೂ ತಿರುವುಮುರುವು ಮಾಡ್ಕೋಬೇಕಾ?

ಉತ್ತರ 1: ಅರ್ಧ ಸರಿ. ಬಲ್ಗೇರಿಯಾದ ‘ಇಲ್ಲ’ ನಾವು ಹೂಂಗುಟ್ಟುವಾಗ ಆಡಿಸೋ ಥರ ಅಲ್ಲ. ನಮ್ಮದು ಕೆಳಕ್ಕೆ ಶುರುವಾಗುತ್ತೆ, ಎರಡು ಮೂರು ಸಲ ಆಗುತ್ತೆ. ಅವರದು ಗಲ್ಲ ಒಂದೇ ಸಲ ಮೇಲಕ್ಕೆ. ಗ್ರೀಸ್, ಟರ್ಕಿಯಲ್ಲೂ ‘ಇಲ್ಲ’ ಇದೇ ಜಾತಿಯದು: ತಲೆ ಹಿಂದಕ್ಕೆ, ಹುಬ್ಬು ಮೇಲಕ್ಕೆ, ಜೊತೆಗೊಂದು ‘ತ್ಚ್’. ಎಷ್ಟೋ ಸಲ ತಲೆ ಅಲುಗೋದೇ ಇಲ್ಲ, ಹುಬ್ಬು ಮಾತ್ರ ಏರುತ್ತೆ. ಎಡವೋದು ಇಲ್ಲೇ. ಏರಿದ ಹುಬ್ಬು ‘ಏನಂದ್ರಿ?’ ಅಂದಹಾಗೆ ಕಾಣುತ್ತೆ, ಕೇಳಿದ್ದನ್ನೇ ಮತ್ತೆ ಕೇಳ್ತೀವಿ. ಅವರು ಆಗಲೇ ಇಲ್ಲ ಅಂದಾಗಿರುತ್ತೆ.

ಟರ್ಕಿಯಲ್ಲಿ ಇನ್ನೊಂದು ಪೇಚು: ತಲೆ ಅಡ್ಡಡ್ಡ ಆಡಿಸಿದ್ರೆ ‘ಅರ್ಥ ಆಗ್ಲಿಲ್ಲ’ ಅಂತ. ನೀವು ಬೇಡ ಅಂತ ಆಡಿಸಿದಷ್ಟೂ ಅಂಗಡಿಯವರು ಮೊದಲಿಂದ ವಿವರಿಸ್ತಾರೆ.

ಉತ್ತರ 2: ಮಾತನ್ನು ನಂಬೋಣ ಅಂದ್ರೆ ಅದೂ ಕೈ ಕೊಡುತ್ತೆ. ‘ನೆ’ ಅಂದ್ರೆ ಬಲ್ಗೇರಿಯನ್‌ನಲ್ಲಿ ಇಲ್ಲ, ಗ್ರೀಕ್‌ನಲ್ಲಿ ಹೌದು, ಟರ್ಕಿಶ್‌ನಲ್ಲಿ ಏನು! ಬಲ್ಗೇರಿಯನ್ ‘ಹೌದು’ಗೆ ‘ದಾ’, ಗ್ರೀಕ್ ‘ಇಲ್ಲ’ಕ್ಕೆ ‘ಓಹಿ’, ಟರ್ಕಿಶ್‌ನಲ್ಲಿ ‘ಹೌದು’ಗೆ ‘ಎವೆತ್’, ‘ಇಲ್ಲ’ಕ್ಕೆ ‘ಹಾಯಿರ್’. ಇಷ್ಟು ಬಾಯಿಪಾಠ ಮಾಡಿ.

ತಿರುವುಮುರುವು ಮಾತ್ರ ಬೇಡ. ವಿದೇಶಿಯರ ಜೊತೆ ಪಳಗಿದ ಬಲ್ಗೇರಿಯನ್ನರು ನಿಮಗೋಸ್ಕರ ತಾವೇ ಬದಲಿಸ್ಕೊಳ್ತಾರೆ. ನೀವೂ ಬದಲಿಸಿದ್ರೆ ಯಾರ ಪದ್ಧತಿ ನಡೀತಿದೆ ಅಂತ ಇಬ್ಬರಿಗೂ ಗೊತ್ತಾಗಲ್ಲ. ತಲೆ ನೆಟ್ಟಗಿಟ್ಟು ಮಾತಲ್ಲಿ ಹೇಳಿ. ಕೇಳುವಾಗಲೂ ‘ಈ ಬಸ್ಸು ಪ್ಲೋವ್ದಿವ್‌ಗೆ ಹೋಗುತ್ತಾ?’ ಅನ್ನೋ ಬದಲು ‘ಪ್ಲೋವ್ದಿವ್‌ಗೆ ಯಾವ ಬಸ್ಸು?’ ಅನ್ನಿ. ಉತ್ತರ ಬೆರಳಲ್ಲಿ ಬರುತ್ತೆ, ತಲೆಯ ಗೊಡವೆಯೇ ಇರಲ್ಲ.

ಪ್ರಶ್ನೆ ಕೇಳಿದವರು: ಹಿಂದೆ ಬಲ್ಗೇರಿಯಾವನ್ನ ಆಳಿದ ಒಟ್ಟೊಮನ್ ತುರ್ಕರ ಸೈನಿಕರು ಗಂಟಲಿಗೆ ಕತ್ತಿ ಹಿಡಿದು ಮತಾಂತರಕ್ಕೆ ಒಪ್ಪಿಗೆ ಕೇಳಿದ್ರು, ಅವರನ್ನ ಯಾಮಾರಿಸೋಕೆ ಈ ಉಲ್ಟಾ ತಲೆಯಾಟ ಹುಟ್ಟಿತು ಅಂತಾರಲ್ಲ?

ಉತ್ತರ 3: ಕಟ್ಟುಕಥೆ. ತಲೆ ಮೇಲಕ್ಕೆತ್ತಿ ನಿರಾಕರಿಸೋದು ಒಟ್ಟೊಮನ್ನರಿಗಿಂತ ಎರಡು ಸಾವಿರ ವರ್ಷ ಹಳೇದು. ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 6ನೇ ಸರ್ಗದಲ್ಲಿ ಟ್ರಾಯ್‌ನ ಹೆಂಗಸರು ಬೇಡಿಕೊಂಡಾಗ ಅಥೀನಾ ದೇವತೆ ಒಲ್ಲೆ ಅನ್ನುತ್ತಾಳೆ. ಅಲ್ಲಿರೋ ಗ್ರೀಕ್ ಕ್ರಿಯಾಪದದ ಅಕ್ಷರಾರ್ಥವೇ ‘ತಲೆ ಮೇಲಕ್ಕೆ ಎತ್ತು’. ಒಪ್ಪಿಗೆಗೆ ಇರೋ ಪದ ‘ತಲೆ ಕೆಳಕ್ಕೆ ಬಾಗಿಸು’. ದಕ್ಷಿಣ ಇಟಲಿಯ ನೇಪಲ್ಸ್ ಕಡೆಯೂ ಇದೇ ‘ಇಲ್ಲ’ ಇದೆ, ರೋಮ್‌ನಲ್ಲಿ ಅಡ್ಡಡ್ಡ ಆಡಿಸ್ತಾರೆ. ನೇಪಲ್ಸ್ ಹುಟ್ಟಿದ್ದೇ ಗ್ರೀಕರ ವಸಾಹತಾಗಿ.