ಸಹಾಯ ಬೇಕು: ಕಮ್ಮಿ ಖರ್ಚಲ್ಲಿ ಉಪ್ಪುನೀರಿನ ಅಕ್ವೇರಿಯಂ

ಎಲ್ಲರಿಗೂ ನಮಸ್ಕಾರ. ಗಪ್ಪಿ ಸಾಕಿ ಗೊತ್ತು, ಉಪ್ಪುನೀರು ಇದೇ ಮೊದಲು. ಹಳೇ 80 ಲೀಟರ್ ಟ್ಯಾಂಕ್ ಇದೆ, ದುಡ್ಡು ಕಮ್ಮಿ. ಒಂದು ಜೋಡಿ ಕ್ಲೌನ್‌ಫಿಶ್ ಸಾಕು, ಹವಳದ ಆಸೆ ಸದ್ಯಕ್ಕಿಲ್ಲ.

ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಮೆರೈನ್ ಸಾಲ್ಟ್ ಬೆರೆಸಿದೆ. ನೀರಿನ ಸಾಂದ್ರತೆ ನೋಡಿ ಉಪ್ಪಿನಂಶ ಹೇಳೋ ಹೈಡ್ರೋಮೀಟರ್ 1.025 ಅಂತು, ಮುಳ್ಳಿಗೆ ಅಂಟಿದ್ದ ಗುಳ್ಳೆ ತಟ್ಟಿ ಬಿಡಿಸಿದ್ರೆ 1.022! ಇದನ್ನು ನಂಬೋದಾ, ಬೆಳಕು ಬಾಗೋದನ್ನು ನೋಡಿ ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರ್ ಕೊಳ್ಳಲೇಬೇಕಾ?

ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯೋ ಸಾಧನ) ಬಿಟ್ಟು ವಾರಕ್ಕೆ ಶೇ. 15ರಷ್ಟು ನೀರು ಬದಲಿಸಿದ್ರೆ ನಡೆಯುತ್ತಾ? ಲೈವ್ ರಾಕ್ (ಒಳ್ಳೇ ಬ್ಯಾಕ್ಟೀರಿಯಾ ಇರೋ ಸಮುದ್ರದ ಕಲ್ಲು) ಕೈಗೆಟುಕಲ್ಲ, ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಹಾಕ್ತೀನಿ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯೋವರೆಗೆ ಮೀನು ತರಲ್ಲ (ಆ ಪಾಠ ಗಪ್ಪಿಗಳನ್ನು ಕಳ್ಕೊಂಡು ಕಲಿತಿದ್ದು).

ಸೆಕೆಂಡ್‌ಹ್ಯಾಂಡಲ್ಲಿ ಏನು ತಗೋಬಹುದು, ಯಾವುದನ್ನು ಮುಟ್ಟಲೇಬಾರದು? ಅನುಭವ ಇದ್ದೋರು ದಯವಿಟ್ಟು ತಿಳಿಸಿ.