ಜಾರ್ಜಿಯಾ ವೈನ್ ಸಂಜೆ: ಯಾವ ಬಾಟಲಿ, ಯಾವ ಕ್ರಮ?

ಪ್ರಶ್ನೆ: ನಮ್ಮ ವೈನ್ ಕ್ಲಬ್‌ನಲ್ಲಿ ಮುಂದಿನ ಸಲ ಜಾರ್ಜಿಯಾ ದೇಶದ ವೈನ್ ಮಾತ್ರ. 14 ಜನ ಇದ್ದೇವೆ. ಒಂದೊಂದು ಬಗೆಯದು ಒಂದರಂತೆ 6 ಬಾಟಲಿ ಸಾಕಾ? ಏನೇನು ತರೋದು, ಯಾವುದರಿಂದ ಶುರು ಮಾಡೋದು? ಮಾಡಿದವರು ಹೇಳಿ.

ಉತ್ತರ 1: ಧಾರಾಳ ಸಾಕು. 750 ಮಿ.ಲೀ. ಬಾಟಲಿಯಲ್ಲಿ 50 ಮಿ.ಲೀ. ಲೆಕ್ಕಕ್ಕೆ 15 ಜನಕ್ಕೆ ಬರುತ್ತದೆ. ಆರೂ ಕುಡಿದರೆ ತಲೆಗೆ 300 ಮಿ.ಲೀ., ಅದೇನು ಕಡಿಮೆಯಲ್ಲ. ಉಗುಳೋಕೆ ಪಾತ್ರೆ ಇಡಿ. ಗಾಡಿ ಓಡಿಸುವವರು ಇರ್ತಾರಲ್ವಾ.

ಉತ್ತರ 2: ಆರು ದ್ರಾಕ್ಷಿ ತಳಿ ತಂದು ಸುಮ್ನೆ ಗೊಂದಲ ಮಾಡ್ಕೋಬೇಡಿ. ರ್ಕಾತ್ಸಿತೆಲಿ ಅನ್ನೋ ಬಿಳಿ ದ್ರಾಕ್ಷಿಯದ್ದೇ ಎರಡು ಬಾಟಲಿ ತನ್ನಿ. ಒಂದು ಸ್ಟೀಲ್ ಟ್ಯಾಂಕ್‌ನಲ್ಲಿ ಮಾಡಿದ್ದು, ಇನ್ನೊಂದು ಕ್ವೆವ್ರಿಯದ್ದು. ಕ್ವೆವ್ರಿ ಅಂದರೆ ಕುತ್ತಿಗೆವರೆಗೂ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹಂಡೆ. ಕಾಖೇತಿ ಪ್ರಾಂತ್ಯದ ಪದ್ಧತಿಯಲ್ಲಿ ರಸದ ಜೊತೆ ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಅದರಲ್ಲಿ ಐದಾರು ತಿಂಗಳು ಬಿಡುತ್ತಾರೆ. ಅದಕ್ಕೇ ಬಿಳಿ ದ್ರಾಕ್ಷಿಯ ವೈನ್ ಅಂಬರ್ ಬಣ್ಣಕ್ಕೆ, ಅಂದರೆ ಜೇನಿನಂಥ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಾಯಲ್ಲಿ ಕಡು ಚಹಾದ ಹಾಗೆ ಒಗರು. ಎರಡೂ ಲೋಟ ಅಕ್ಕಪಕ್ಕ ಇಟ್ಟರೆ ವಿವರಣೆಯೇ ಬೇಡ. ಯುನೆಸ್ಕೋ 2013ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ವಿಧಾನವನ್ನೇ. ಜಾರ್ಜಿಯಾ ವೈನಿಗೆ 8000 ವರ್ಷದ ಇತಿಹಾಸ ಅಂತ ಹೇಳಬೇಕಿದ್ದರೆ ಎರಡೇ ಮಾತಲ್ಲಿ ಮುಗಿಸಿ, ಜನ ಲೋಟ ಹಿಡಿದು ಕಾಯುತ್ತಿರುತ್ತಾರೆ.

ಉತ್ತರ 3: ಮೇಲಿನ ಮಾತು ಸರಿ, ಆದರೆ ಅಂಬರ್ ವೈನನ್ನು ಫ್ರಿಜ್‌ನಿಂದ ತೆಗೆದ ತಕ್ಷಣ ಸುರಿಯಬೇಡಿ. ಜಾಸ್ತಿ ತಣ್ಣಗಿದ್ದರೆ ಪರಿಮಳ ಮುಚ್ಚಿಹೋಗಿ ಬರೀ ಒಗರು ಎದ್ದು ಕಾಣುತ್ತದೆ. 13–14 ಡಿಗ್ರಿ ಚೆನ್ನಾಗಿರುತ್ತದೆ. ಮೊದಲ ಗುಟುಕಿಗೆ ಮುಖ ಕಿವುಚುವವರು ಇದ್ದೇ ಇರ್ತಾರೆ. ಅವರಿಗೆ ಉಪ್ಪಿನ ಚೀಸ್, ಅಕ್ರೋಟ್ ಕೊಟ್ಟು ಇನ್ನೊಂದು ಗುಟುಕು ಕುಡಿಸಿ. ಒಗರು ಮೆತ್ತಗಾಗುತ್ತದೆ.

ಉತ್ತರ 4: ಕೆಂಪಿನಲ್ಲೂ ಅದೇ ಆಟ ಆಡಬಹುದು. ಸಪೆರಾವಿ ದ್ರಾಕ್ಷಿಯ ಡ್ರೈ (ಸಿಹಿಯಿಲ್ಲದ) ವೈನ್ ಒಂದು, ಅದೇ ದ್ರಾಕ್ಷಿಯ ಅರೆಸಿಹಿ ಕಿಂಡ್ಜ್ಮಾರಾವುಲಿ ಒಂದು. ಸಿಹಿಯದ್ದು ಕೊನೆಗೇ ಇರಲಿ, ಮೊದಲೇ ಕೊಟ್ಟರೆ ಆಮೇಲಿನದೆಲ್ಲ ಹುಳಿ ಅನ್ನಿಸುತ್ತದೆ. ಉಳಿದೆರಡರಲ್ಲಿ ಒಂದು ಕಿಸಿ ದ್ರಾಕ್ಷಿಯ ಅಂಬರ್ ಇರಲಿ, ಇನ್ನೊಂದು ನಿಮ್ಮಿಷ್ಟ. ಹಾಂ, ಸಪೆರಾವಿಗೆ ಸಿಪ್ಪೆ ಮಾತ್ರ ಅಲ್ಲ, ತಿರುಳೂ ಕೆಂಪು. ಮೇಜಿಗೆ ಬಿಳಿ ಬಟ್ಟೆ ಹಾಸಬೇಡಿ. ಬಣ್ಣ ನೋಡೋಕೆ ಲೋಟದ ಹಿಂದೆ ಬಿಳಿ ಕಾಗದ ಹಿಡಿದರೆ ಸಾಕು.